ಮನೆಯೊಳಗಣ ಚಿತ್ರಮಂದಿರ: ಮೊದಲು ಮಾತು ಕೇಳಿಸಲಿ

ಮನೆಯನ್ನು ಕಟ್ಟಿಸುವಾಗ ನಾವು ಗಾಳಿ ಬೆಳಕುಗಳನ್ನು ಕುರಿತು ಆಲೋಚಿಸುತ್ತೇವೆ. ಮಳೆಯ ನೀರು ಯಾವ ಕಡೆಗೆ ಹರಿಯಬೇಕು, ಅಡಿಗೆಮನೆಯ ಹೊಗೆ ಎತ್ತ ಹೋಗಬೇಕು ಎಂಬುದನ್ನೆಲ್ಲ ಮೇಸ್ತ್ರಿಯೊಡನೆ ಕುಳಿತು ನಿಶ್ಚಯಿಸುತ್ತೇವೆ. ಆದರೆ ಶಬ್ದವು ಮನೆಯೊಳಗೆ ಹೇಗೆ ಸಂಚರಿಸಬೇಕೆಂದು ವಿಚಾರಿಸುವವರು ವಿರಳ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಈಚೆಗೆ ಹೊಸದಾಗಿ ಏಳುವ ಮನೆಗಳಲ್ಲಿ ಸಿನಿಮಾ ನೋಡುವುದಕ್ಕೆಂದೇ ಒಂದು ಕೋಣೆಯನ್ನು ಬಿಡುವ ಅಭಿಲಾಷೆ ಹಲವರಲ್ಲಿ ಕಂಡುಬರುತ್ತಿದೆ. ಅಡಿಕೆಯ ಅಥವಾ ರಬ್ಬರಿನ ಹಣ ಕೈಗೆ ಬಂದ ವರ್ಷ ಪೇಟೆಗೆ ಹೋಗಿ ದೊಡ್ಡ ಟಿ.ವಿ.ಯನ್ನೂ ಅದರ ಸುತ್ತ ಇರಿಸುವ ಐದಾರು ಸ್ಪೀಕರುಗಳನ್ನೂ ತರುವುದುಂಟು. ತಂದ ಬಳಿಕ ಕೇಳಿಬರುವ ದೂರು ಮಾತ್ರ ಎಲ್ಲ ಮನೆಗಳಲ್ಲಿಯೂ ಒಂದೇ: "ಹೊಡೆದಾಟ ಬಂದರೆ ಕಿವಿ ಒಡೆಯುತ್ತದೆ, ಮಾತು ಬಂದರೆ ಏನೆಂದು ತಿಳಿಯುವುದಿಲ್ಲ."

ಈ ದೂರು ಅಲ್ಪವಾದುದಲ್ಲ. ಮಾತು ತಿಳಿಯದ ಮನೆಯಲ್ಲಿ ಮೊದಲು ಎದ್ದುಹೋಗುವವರು ವಯಸ್ಸಾದವರು. ಎಲ್ಲರೂ ಒಟ್ಟಿಗೆ ಕುಳಿತು ನೋಡಬೇಕೆಂದು ಮಾಡಿದ ಕೋಣೆಯು ಕೆಲವೇ ತಿಂಗಳುಗಳಲ್ಲಿ ಹುಡುಗರ ಕೋಣೆಯಾಗಿ ಉಳಿಯುತ್ತದೆ. ವ್ಯಯವಾದ ಹಣಕ್ಕಿಂತ ಈ ನಷ್ಟವೇ ದೊಡ್ಡದು. ಆದುದರಿಂದ ಈ ತಿಂಗಳು ನಾವು ಇಂತಹ ಕೋಣೆಯನ್ನು ಯೋಜಿಸುವ ಕ್ರಮವನ್ನು ವಿವರಿಸಲು ಉದ್ಯುಕ್ತರಾಗಿದ್ದೇವೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಲೇಸು: ಆಡಿದ ಮಾತು ಮನೆಯ ಹಿರಿಯರಿಗೂ ಸ್ಪಷ್ಟವಾಗಿ ಕೇಳುವಂತೆ ಕೋಣೆಯನ್ನು ಏರ್ಪಡಿಸುವುದೇ ಮುಖ್ಯ ಕಾರ್ಯ. ಗುಡುಗಿನಂತಹ ನಾದ, ಬೆನ್ನ ಹಿಂದಿನಿಂದ ಬರುವ ಮಳೆಯ ಸದ್ದು, ಇವೆಲ್ಲ ಆ ಮೇಲಿನವು.

ಐದು ಸ್ಪೀಕರುಗಳು ಏತಕ್ಕೆ?

ಚಿತ್ರದಲ್ಲಿ ಮಾತನಾಡುವವನು ಎಲ್ಲಿ ಕಾಣುತ್ತಾನೋ ಮಾತೂ ಅಲ್ಲಿಂದಲೇ ಬರಬೇಕೆಂಬುದು ಈ ವಿದ್ಯೆಯ ಮೂಲ. ಅಲನ್ ಬ್ಲಮ್ಲೈನ್ ಎಂಬ ಆಂಗ್ಲ ಇಂಜಿನಿಯರನು ಚಿತ್ರಮಂದಿರದಲ್ಲಿ ನಟನು ಒಂದು ಕಡೆ, ಅವನ ಧ್ವನಿ ಇನ್ನೊಂದು ಕಡೆ ಇರುವುದನ್ನು ಗಮನಿಸಿ, ೧೯೩೧ರಲ್ಲಿ ಎರಡು ಸ್ಪೀಕರುಗಳ ಸ್ಟೀರಿಯೋ ಪದ್ಧತಿಗೆ ಪೇಟೆಂಟನ್ನು ಕೋರಿದನು. ೧೯೩೩ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಫಿಲಡೆಲ್ಫಿಯದಲ್ಲಿ ನಡೆದ ವಾದ್ಯಗೋಷ್ಠಿಯನ್ನು ತಂತಿಯ ಮೂಲಕ ವಾಷಿಂಗ್ಟನ್ನಿಗೆ ಕಳುಹಿಸಿ, ಎಡ, ನಡು, ಬಲ ಎಂದು ಮೂರು ಸ್ಪೀಕರುಗಳಿಂದ ಕೇಳಿಸಿದರು. ನಡುವೆ ಒಂದು ಸ್ಪೀಕರಿದ್ದರೆ ಪಕ್ಕದಲ್ಲಿ ಕುಳಿತವರಿಗೂ ಧ್ವನಿಯು ತನ್ನ ಸ್ಥಾನವನ್ನು ಬಿಟ್ಟು ಕದಲುವುದಿಲ್ಲ. ನಮ್ಮಲ್ಲಿ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತೆರೆಕಂಡುದು ೧೯೩೪ರಲ್ಲಿ. ಅದಾದ ಆರು ವರ್ಷಗಳಲ್ಲಿ, ೧೯೪೦ರಲ್ಲಿ, ವಾಲ್ಟ್ ಡಿಸ್ನಿಯವರು 'ಫ್ಯಾಂಟೇಸಿಯಾ' ಚಿತ್ರಕ್ಕಾಗಿ ಪ್ರೇಕ್ಷಕರ ಸುತ್ತಲೂ ಸ್ಪೀಕರುಗಳನ್ನಿಟ್ಟರು. ೧೯೯೨ರಲ್ಲಿ ಡಾಲ್ಬಿ ಡಿಜಿಟಲ್ ಪದ್ಧತಿ ಬಂದ ತರುವಾಯ ಚಿತ್ರಮಂದಿರದಲ್ಲಿದ್ದ ಏರ್ಪಾಡು ಕ್ರಮೇಣ ಮನೆಗಳನ್ನೂ ಪ್ರವೇಶಿಸಿತು.

ಅಂಗಡಿಯವರು "ಐದು ಪಾಯಿಂಟ್ ಒಂದು" ಎನ್ನುವುದು ಇದನ್ನೇ. ಎದುರಿಗೆ ಎಡ, ನಡು, ಬಲ ಎಂದು ಮೂರು, ಪಾರ್ಶ್ವಗಳಲ್ಲಿ ಎರಡು, ಬರಿಯ ಮಂದ್ರಧ್ವನಿಗೆಂದು ಪ್ರತ್ಯೇಕವಾದ ಸಬ್‌ವೂಫರು ಒಂದು. ಇವುಗಳಲ್ಲಿ ಪಾತ್ರಗಳ ಸಂಭಾಷಣೆಯ ಬಹುಭಾಗವನ್ನು ಹೊರುವುದು ನಡುವಣ ಸ್ಪೀಕರು.

ನಮ್ಮ ಜಿಲ್ಲೆಯವರಿಗೆ ಇದನ್ನು ತಿಳಿಸಲು ತಾಳಮದ್ದಳೆಯ ಉಪಮಾನವೇ ಸಾಕು. ಪತ್ತನಾಜೆಯ ಬಳಿಕ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಮನೆಯ ಚಾವಡಿಯಲ್ಲಿ ಕೂಟ ನಡೆಯುವಾಗ ಭಾಗವತರು ನಡುವೆ ಕುಳಿತುಕೊಳ್ಳುತ್ತಾರೆ, ಅರ್ಥಧಾರಿಗಳು ಎದುರುಬದುರಾಗಿ ಎರಡು ಕಡೆ. ಅರ್ಥ ಹೇಳುವಾಗ ಚೆಂಡೆ ಮದ್ದಳೆಗಳು ಸುಮ್ಮನಿರುತ್ತವೆ. ಆದಕಾರಣ ಚಾವಡಿಯ ಮೂಲೆಯಲ್ಲಿರುವ ಅಜ್ಜನಿಗೂ ಪ್ರತಿಯೊಂದು ಮಾತೂ ತಿಳಿಯುವುದು. ಸಿನಿಮಾದಲ್ಲಿ ಈ ಸೌಜನ್ಯವಿಲ್ಲ. ಮಾತು ನಡೆಯುತ್ತಿರುವಾಗಲೇ ವಾದ್ಯಗಳೂ ಮೊಳಗುತ್ತವೆ. ಆದುದರಿಂದ ಮಾತಿಗೆ ಪ್ರತ್ಯೇಕವಾದ ಸ್ಪೀಕರೂ, ಆ ಮಾತನ್ನು ಕೆಡಿಸದಂತಹ ಕೋಣೆಯೂ ಅವಶ್ಯಕವಾಗುತ್ತವೆ.

ಕೋಣೆಯ ಆಯ್ಕೆ

ಉದಾಹರಣೆಗಾಗಿ ೧೪ ಅಡಿ ಉದ್ದ, ೧೧ ಅಡಿ ಅಗಲ, ೧೦ ಅಡಿ ಎತ್ತರದ ಕೋಣೆಯೊಂದನ್ನು ತೆಗೆದುಕೊಳ್ಳೋಣ. ನಮ್ಮ ಕಡೆಯ ಹೊಸ ಮನೆಗಳಲ್ಲಿ ಈ ಪ್ರಮಾಣದ ಕೋಣೆ ದೊರೆಯುವುದು ಕಷ್ಟವಲ್ಲ. ಉದ್ದ, ಅಗಲ, ಎತ್ತರಗಳು ಒಂದಕ್ಕೊಂದು ಸಮನಾಗಿರದಿರುವುದು ಒಳ್ಳೆಯದು. ಅದೇಕೆಂದರೆ, ಎದುರುಬದುರಾದ ಎರಡು ಗೋಡೆಗಳ ನಡುವಣ ಅಂತರಕ್ಕೆ ಅನುಸಾರವಾಗಿ ಒಂದು ಮಂದ್ರಸ್ವರವು ಅಲ್ಲಿಯೇ ನಿಂತು ಮೊರೆಯುತ್ತದೆ. ಶಬ್ದವು ನಮ್ಮ ಹವೆಯಲ್ಲಿ ಸೆಕೆಂಡಿಗೆ ಸುಮಾರು ೧,೧೪೦ ಅಡಿ ಚಲಿಸುವುದರಿಂದ, ಈ ಕೋಣೆಯ ಉದ್ದಕ್ಕೆ ೪೧ ಹರ್ಟ್ಸ್, ಅಗಲಕ್ಕೆ ೫೨, ಎತ್ತರಕ್ಕೆ ೫೭ ಹರ್ಟ್ಸಿನ ಆಸುಪಾಸಿನ ಸ್ವರಗಳು ಹೀಗೆ ಮೊರೆಯುವುವು. ಬೇರೆ ಬೇರೆ ಸ್ವರಗಳಾದುದರಿಂದ ತೊಂದರೆಯು ಹಂಚಿಹೋಗುತ್ತದೆ. ೧೦ ಅಡಿಯ ಚೌಕಾಕಾರದ ಕೋಣೆಯಾದರೆ ಮೂರೂ ಒಂದೇ ಸ್ವರದಲ್ಲಿ ಕೂಡಿ, ಆ ಒಂದು ಸ್ವರ ಬಂದಾಗಲೆಲ್ಲ ಕೋಣೆಯು ಕೊಳಗದಂತೆ ಗುಂಯ್ಗುಡುವುದು. ಮನೆಯ ನಕ್ಷೆ ಇನ್ನೂ ಕಾಗದದ ಮೇಲಿದ್ದರೆ ಒಂದು ಗೋಡೆಯನ್ನು ಒಂದೂವರೆ ಅಡಿ ಸರಿಸುವುದಕ್ಕೆ ವಿಶೇಷ ಖರ್ಚು ತಗಲದು. ಕಟ್ಟಿದ ಮೇಲೆ ಇದಕ್ಕೆ ಸುಲಭವಾದ ಪರಿಹಾರವಿಲ್ಲ.

ಗೋಡೆಗಳ ಮಾರ್ದನಿ

ಭಾಷೆಯಲ್ಲಿ ಸ್ವರಗಳಿಗೆ ಬಲ ಹೆಚ್ಚು, ವ್ಯಂಜನಗಳಿಗೆ ಕಡಿಮೆ. 'ಆ', 'ಓ'ಗಳು ದೂರಕ್ಕೂ ಕೇಳುತ್ತವೆ. 'ತ', 'ಸ', 'ಕ'ಗಳು ಕ್ಷಣಮಾತ್ರದಲ್ಲಿ ಸುಳಿದು ಮಾಯವಾಗುತ್ತವೆ. ಆದರೂ ಒಂದು ಶಬ್ದವನ್ನು ಇನ್ನೊಂದರಿಂದ ಬೇರ್ಪಡಿಸಿ ಅರ್ಥವನ್ನು ಕೊಡುವುದು ಮುಖ್ಯವಾಗಿ ಈ ವ್ಯಂಜನಗಳೇ. ಕೋಣೆಯಲ್ಲಿ ಅನುರಣನವು ಅಧಿಕವಾಗಿದ್ದರೆ ಹಿಂದಿನ ಸ್ವರವು ಇನ್ನೂ ಗೋಡೆಯಿಂದ ಗೋಡೆಗೆ ಅಲೆಯುತ್ತಿರುವಾಗಲೇ ಮುಂದಿನ ವ್ಯಂಜನ ಬಂದು, ಅದರಲ್ಲಿ ಮುಳುಗಿಹೋಗುತ್ತದೆ. ವಯಸ್ಸಾದಂತೆ ಮನುಷ್ಯನ ಕಿವಿಯು ಮೊದಲು ಕಳೆದುಕೊಳ್ಳುವುದು ತಾರಧ್ವನಿಗಳನ್ನು, ಎಂದರೆ ವ್ಯಂಜನಗಳನ್ನು ಗುರುತಿಸುವ ಶಕ್ತಿಯನ್ನೇ. ಹೀಗಿರುವುದರಿಂದ ಮಾರ್ದನಿಯ ಕೋಣೆಯಲ್ಲಿ ಹುಡುಗರಿಗೆ ಅರ್ಧ ಕಷ್ಟವಾದರೆ ಹಿರಿಯರಿಗೆ ಇಮ್ಮಡಿ ಕಷ್ಟ. ಶಬ್ದವನ್ನು ಏರಿಸಿದರೆ ಸ್ವರವೂ ಮಾರ್ದನಿಯೂ ಒಟ್ಟಿಗೆ ಏರುವುದರಿಂದ ಪ್ರಯೋಜನವಿಲ್ಲ.

ಈ ಅನುರಣನವನ್ನು ಲೆಕ್ಕಕ್ಕೆ ತಂದವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವಾಲೇಸ್ ಸಬೈನ್. ೧೮೯೫ರಲ್ಲಿ ಮಾತು ತಿಳಿಯದೆ ನಿರುಪಯುಕ್ತವಾಗಿದ್ದ ಅಲ್ಲಿಯ ಒಂದು ಉಪನ್ಯಾಸ ಮಂದಿರವನ್ನು ಸರಿಪಡಿಸುವ ಕೆಲಸ ಆತನ ಪಾಲಿಗೆ ಬಂದಿತು. ಆತನು ಪಕ್ಕದ ರಂಗಮಂದಿರದ ಮೆತ್ತೆಗಳನ್ನು ರಾತ್ರಿಯ ವೇಳೆ ತಂದು ಹಾಸಿ, ಎಷ್ಟು ಮೆತ್ತೆಗೆ ಮಾರ್ದನಿಯು ಎಷ್ಟು ಕುಗ್ಗುವುದೆಂದು ಅಳೆದನು. ತೆರೆದ ಕಿಟಕಿಯೇ ಆತನ ಅಳತೆಗೋಲು. ಏತಕ್ಕೆಂದರೆ ತೆರೆದ ಕಿಟಕಿಯಿಂದ ಹೊರಟ ಶಬ್ದ ಹಿಂದಿರುಗುವುದಿಲ್ಲ. ನಮ್ಮ ೧೪ ಅಡಿಯ ಕೋಣೆಗೆ ಆತನ ಸೂತ್ರವನ್ನು ಅನ್ವಯಿಸಿದರೆ, ಸಿಮೆಂಟಿನ ಗಾರೆ ಬಳಿದ ಗೋಡೆ, ನುಣುಪಾದ ಟೈಲ್ಸಿನ ನೆಲ, ಕಾಂಕ್ರೀಟಿನ ತಾರಸಿ ಇವೆಲ್ಲವೂ ಕೂಡಿ ಹೀರುವ ಶಬ್ದವು ಕೇವಲ ೨೦ ಚದರ ಅಡಿಯ ತೆರೆದ ಕಿಟಕಿಗೆ ಸಮ. ಬರಿದಾದ ಆ ಕೋಣೆಯಲ್ಲಿ ಸದ್ದು ಸಂಪೂರ್ಣವಾಗಿ ಅಡಗಲು ಮೂರುವರೆ ಸೆಕೆಂಡಿಗೂ ಹೆಚ್ಚು ಹಿಡಿಯುವುದು. ಸಿನಿಮಾ ನೋಡುವ ಕೋಣೆಗೆ ಅರ್ಧ ಸೆಕೆಂಡು, ಸಾಧ್ಯವಾದರೆ ಅದಕ್ಕಿಂತಲೂ ಕಡಿಮೆ ಇರತಕ್ಕದ್ದು. ಅದಕ್ಕೆ ಸುಮಾರು ೧೫೦ ಚದರ ಅಡಿಯ ತೆರೆದ ಕಿಟಕಿಗೆ ಸಮನಾದ ಹೀರುವಿಕೆ ಬೇಕು.

ಇದನ್ನು ಒದಗಿಸುವುದು ಹೇಗೆ? ದಪ್ಪ ಬಟ್ಟೆಯ ಪರದೆಗಳನ್ನು ಧಾರಾಳವಾಗಿ ನೆರಿಗೆಹಿಡಿದು ೬೦ ಚದರ ಅಡಿಯಷ್ಟು ತೂಗುಹಾಕಿದರೆ ೩೦ರಷ್ಟು ಬರುವುದು. ಕುರ್ಚಿಗಳ ಮುಂದಣ ನೆಲಕ್ಕೆ ದಪ್ಪ ಜಮಖಾನವನ್ನು ಹಾಸಿದರೆ ಸುಮಾರು ೧೫. ಮೆತ್ತೆಯ ಆಸನಗಳೂ ಅದರಲ್ಲಿ ಕುಳಿತ ನಾಲ್ಕು ಜನರೂ ಕೂಡಿ ೨೦ರಷ್ಟು ಹೀರಿಕೊಳ್ಳುವರು. ಮಿಕ್ಕುದಕ್ಕೆ, ಎರಡು ಇಂಚು ದಪ್ಪದ ಗಾಜಿನ ಉಣ್ಣೆ ಅಥವಾ ಕಲ್ಲುಣ್ಣೆಯನ್ನು ಮರದ ಚೌಕಟ್ಟಿನಲ್ಲಿ ಕೂರಿಸಿ, ಅದರ ನಾರು ಗಾಳಿಗೆ ಸೇರದಂತೆ ಒತ್ತಾದ ಬಟ್ಟೆಯಿಂದ ಸುತ್ತಲೂ ಮುಚ್ಚಿ, ೨ ಅಡಿಗೆ ೪ ಅಡಿಯ ಎಂಟು ಹಲಗೆಗಳನ್ನು ಮಾಡಿಸಬೇಕು. ಊರಿನ ಬಡಗಿಯೂ ದರ್ಜಿಯೂ ಕೂಡಿ ಮಾಡಬಹುದಾದ ಕೆಲಸವಿದು. ಮೊಟ್ಟೆಯ ತಟ್ಟೆಗಳನ್ನೂ ಥರ್ಮೊಕೋಲನ್ನೂ ಗೋಡೆಗೆ ಅಂಟಿಸುವ ಪದ್ಧತಿಯುಂಟು; ಅವು ಶಬ್ದವನ್ನು ಹೀರುವುದು ಅತ್ಯಲ್ಪ, ಬೆಂಕಿಯನ್ನು ಹಿಡಿಯುವುದು ಮಾತ್ರ ಬಹು ಬೇಗ. ಅವನ್ನು ಬಳಸಕೂಡದು.

ಈ ಹಲಗೆಗಳನ್ನು ಎಲ್ಲಿ ತೂಗಿಸಬೇಕೆಂಬುದಕ್ಕೆ ಸುಲಭವಾದ ಉಪಾಯವಿದೆ. ನೋಡುವವರು ಕೂರುವ ಸ್ಥಳದಲ್ಲಿ ಒಬ್ಬರು ಕುಳಿತಿರಲಿ. ಇನ್ನೊಬ್ಬರು ಮುಖ ನೋಡುವ ಕನ್ನಡಿಯನ್ನು ಪಕ್ಕದ ಗೋಡೆಗೆ ಒತ್ತಿಕೊಂಡು ಮೆಲ್ಲನೆ ಸರಿಸುತ್ತ ಹೋಗಲಿ. ಕನ್ನಡಿಯಲ್ಲಿ ಎದುರಿನ ಸ್ಪೀಕರು ಕಾಣುವ ಸ್ಥಳವೇ ಮೊದಲ ಮಾರ್ದನಿಯು ಹುಟ್ಟುವ ಸ್ಥಳ. ಅಲ್ಲಿಗೆ ಮೊದಲ ಹಲಗೆ. ಎರಡು ಪಕ್ಕದ ಗೋಡೆಗಳಾದ ಬಳಿಕ ಬೆನ್ನ ಹಿಂದಿನ ಗೋಡೆ. ಪುಸ್ತಕಗಳನ್ನು ತುಂಬಿದ ಕಪಾಟೊಂದಿದ್ದರೆ ಅಲ್ಲಿ ಅದೂ ಸಹಾಯಕ.

ಹಂಚಿನ ಮಾಡು ಮತ್ತು ಮಳೆ

ಹಳೆಯ ಹಂಚಿನ ಮನೆಯಲ್ಲಿರುವವರು ತಮ್ಮ ಕೋಣೆ ಈ ಕಾರ್ಯಕ್ಕೆ ಒದಗದೆಂದು ತಿಳಿಯಬಾರದು. ೧೮೬೦ರ ದಶಕದಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕೈಗಾರಿಕೆಯಿಂದ ನಮ್ಮ ಕಡೆ ಹಬ್ಬಿದ ಈ ಮಾಡು ಮಾತಿಗೆ ಅನುಕೂಲವಾದುದೇ. ಹಂಚುಗಳ ಸಂದುಗಳಿಂದ ಶಬ್ದದ ಒಂದಂಶವು ಹೊರಗೆ ಹೋಗುವುದು. ಮರದ ಮುಚ್ಚಿಗೆಯಿದ್ದರೆ ಅದರ ತೆಳುವಾದ ಹಲಗೆಗಳು ಕಂಪಿಸಿ ಮಂದ್ರಧ್ವನಿಯನ್ನು ಹೀರುವುವು. ಆದರೆ ಒಳಗಿನ ಶಬ್ದ ಹೊರಗೆ ಹೋಗುವ ದಾರಿಯಲ್ಲಿಯೇ ಹೊರಗಿನದು ಒಳಗೆ ಬರುವುದೆಂಬುದನ್ನು ಮರೆಯಲಾಗದು. ಈಚೆಗೆ ಬಂದಿರುವ ಡಾಲ್ಬಿ ಅಟ್ಮಾಸ್ ಪದ್ಧತಿಯಲ್ಲಿ (ಇದು ೨೦೧೨ರಲ್ಲಿ ಚಿತ್ರಮಂದಿರಗಳಿಗೆ ಬಂದಿತು) ಶಬ್ದವನ್ನು ಮೇಲಕ್ಕೆ ಎಸೆದು ತಾರಸಿಯಿಂದ ಪುಟಿಸುವ ಸ್ಪೀಕರುಗಳುಂಟು. ಅವು ಸಮತಟ್ಟಾದ ತಾರಸಿಗೆ ಮಾತ್ರ ಯೋಗ್ಯ. ಇಳಿಜಾರಾದ ಮಾಡಿನಲ್ಲಿ ಅವುಗಳ ಶಬ್ದ ಎತ್ತಲೋ ಹೋಗುವುದರಿಂದ ಹಂಚಿನ ಮನೆಯವರು ಅದಕ್ಕೆ ಹಣ ಹಾಕುವುದು ವ್ಯರ್ಥ.

ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಸೋರಿಕೆಯ ಭಯದಿಂದ ತಾರಸಿಯ ಮೇಲೆ ತಗಡಿನ ಶೀಟು ಹೊದಿಸಿರುವ ಮನೆಗಳು ಬಹಳ. ಆಟಿಯ ಮಳೆ ತಗಡಿನ ಮೇಲೆ ಬಡಿಯುವಾಗ ಟಿ.ವಿ.ಯ ಸದ್ದನ್ನು ಏರಿಸಿ ಅದನ್ನು ಗೆಲ್ಲುವೆವೆಂಬುದು ವ್ಯರ್ಥ ಸಾಹಸ. ಕಿವಿಗೆ ಇಮ್ಮಡಿಯಾಗಿ ತೋರಬೇಕಾದರೆ ಸ್ಪೀಕರಿಗೆ ಹತ್ತುಮಡಿ ಶಕ್ತಿಯನ್ನು ಕೊಡಬೇಕಾಗುವುದು. ಆದುದರಿಂದ ಕೋಣೆಯನ್ನು ಆರಿಸುವಾಗಲೇ ತಗಡಿನ ಕೆಳಗೆ ನೇರವಾಗಿ ಇರುವ ಮಹಡಿಯ ಕೋಣೆಯನ್ನು ಬಿಟ್ಟು, ಕೆಳಗಣ ಅಂತಸ್ತಿನ ಕೋಣೆಯನ್ನು ಆರಿಸಿಕೊಂಡರೆ ಮಳೆಗಾಲದ ನಾಲ್ಕು ತಿಂಗಳುಗಳ ಉಪಯೋಗ ಉಳಿಯುವುದು.

ಕೂರುವ ಸ್ಥಳವೂ ಸ್ಪೀಕರುಗಳ ಸ್ಥಾನವೂ

ಅನೇಕರು ಮೊದಲು ಸ್ಪೀಕರುಗಳನ್ನು ಗೋಡೆಗೆ ಹೊಡೆದು, ಆ ಮೇಲೆ ಸೋಫಾವನ್ನು ಹಿಂಬದಿಯ ಗೋಡೆಗೆ ತಾಗಿಸಿ ಇಡುತ್ತಾರೆ. ಕ್ರಮವು ಇದಕ್ಕೆ ವಿಪರೀತವಾಗಿರಬೇಕು. ಮೊದಲು ಕಿವಿಯ ಸ್ಥಾನ, ಅನಂತರ ಸ್ಪೀಕರಿನ ಸ್ಥಾನ. ಹಿಂಬದಿಯ ಗೋಡೆಗೆ ಒತ್ತಿ ಕುಳಿತವರಿಗೆ ಮಂದ್ರಧ್ವನಿಯು ಮಿತಿಮೀರಿ ಕೇಳುವುದು. ಕೋಣೆಯ ಸರಿಯಾದ ಮಧ್ಯದಲ್ಲಿ ಕುಳಿತವರಿಗೆ ಕೆಲವು ಮಂದ್ರಸ್ವರಗಳು ಕೇಳಿಸವು. ನಮ್ಮ ಕೋಣೆಯಲ್ಲಿ ಟಿ.ವಿ. ಇರುವ ಗೋಡೆಯಿಂದ ಎಂಟೂವರೆ ಅಡಿ ಹಿಂದಕ್ಕೆ ತಲೆ ಬರುವಂತೆ ಆಸನವನ್ನು ಇರಿಸಿ, ಬೆನ್ನ ಹಿಂದೆ ಐದೂವರೆ ಅಡಿಯನ್ನು ಬಿಡತಕ್ಕದ್ದು. ಈ ದೂರಕ್ಕೆ ೫೫ರಿಂದ ೬೫ ಇಂಚಿನ ಟಿ.ವಿ. ಸಾಕಾದೀತು.

ಎಡಬಲದ ಸ್ಪೀಕರುಗಳನ್ನು ಪಕ್ಕದ ಗೋಡೆಗಳಿಂದ ಒಂದೂವರೆ ಅಡಿ, ಎದುರು ಗೋಡೆಯಿಂದಲೂ ಒಂದೂವರೆ ಅಡಿ ಬಿಟ್ಟು ಇಟ್ಟರೆ ಅವುಗಳ ನಡುವೆ ೮ ಅಡಿ ಅಂತರ ಬರುವುದು. ಕೇಳುವವನಿಂದ ಪ್ರತಿಯೊಂದಕ್ಕೂ ಇರುವ ದೂರವೂ ಸುಮಾರು ೮ ಅಡಿಯೇ. ಹೀಗೆ ಮೂರು ಭುಜಗಳೂ ಸಮನಾದ ತ್ರಿಕೋನವಾಗಿ, ನಡುರೇಖೆಯಿಂದ ಎಡಕ್ಕೂ ಬಲಕ್ಕೂ ೩೦ ಡಿಗ್ರಿಯ ಕೋನ ದೊರೆಯುವುದು. ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಶಿಫಾರಸು ಮಾಡಿರುವ ಕೋನವೂ ಇದೇ. ಸ್ಪೀಕರಿನ ಚಿಕ್ಕ ಬಾಯಿ, ಅಂದರೆ ತಾರಧ್ವನಿಯ ಬಾಯಿ, ಕುಳಿತವರ ಕಿವಿಯ ಮಟ್ಟಕ್ಕಿರಲಿ.

ನಡುವಣ ಸ್ಪೀಕರು ಟಿ.ವಿ.ಯ ಕೆಳಗೆ, ಅದಕ್ಕೆ ಆದಷ್ಟು ಹತ್ತಿರವಾಗಿ ಇರಬೇಕು. ಇದನ್ನು ಕಪಾಟಿನ ಒಳಗೆ ಆಳವಾಗಿ ತಳ್ಳುವುದೂ, ಮುಂದೆ ಗಾಜಿನ ಬಾಗಿಲನ್ನೋ ಬೊಂಬೆಗಳನ್ನೋ ಇಡುವುದೂ ಮಾತನ್ನು ಕೆಡಿಸುವ ಸಾಮಾನ್ಯ ಕಾರಣಗಳು. ಅದರ ಮುಖವು ಹಲಗೆಯ ಅಂಚಿಗೆ ಸಮನಾಗಿರಲಿ. ಕೆಳಗಿದ್ದರೆ ಹಿಂದೆ ಒಂದು ಸಣ್ಣ ಬೆಣೆಯನ್ನು ಕೊಟ್ಟು, ಮುಖವನ್ನು ಕುಳಿತವರ ಮುಖದತ್ತ ತುಸು ಎತ್ತಬೇಕು. ಮಂದಕಿವಿಯ ಹಿರಿಯರಿಗೆ ಈ ಸ್ಪೀಕರಿನ ನೇರದಲ್ಲಿ ಆಸನವನ್ನು ಕೊಡುವುದು ಉಚಿತ.

ಪಾರ್ಶ್ವದ ಎರಡು ಸ್ಪೀಕರುಗಳನ್ನು ಪಕ್ಕದ ಗೋಡೆಗಳ ಮೇಲೆ, ಕಿವಿಗಿಂತ ೨ ಅಡಿ ಹಿಂದಕ್ಕೂ ಒಂದೆರಡು ಅಡಿ ಮೇಲಕ್ಕೂ ಕೂರಿಸಿದರೆ ಶಿಫಾರಸಾದ ೧೧೦ ಡಿಗ್ರಿಯ ಕೋನ ಒದಗುವುದು. ಇವು ಕಾಡಿನ ಸದ್ದು, ಜನರ ಗದ್ದಲ ಮುಂತಾದ ಆವರಣವನ್ನು ಮಾತ್ರ ಕೊಡತಕ್ಕವು. ಯಾವ ಸಮಯದಲ್ಲಿಯೂ "ಅಲ್ಲೊಂದು ಸ್ಪೀಕರಿದೆ" ಎಂದು ತಲೆ ತಿರುಗುವಂತಿರಬಾರದು.

ಸಬ್‌ವೂಫರಿನ ಸ್ಥಾನವನ್ನು ಕಣ್ಣಿನಿಂದ ನಿಶ್ಚಯಿಸಲಾಗದು. ೮೦ ಹರ್ಟ್ಸಿಗಿಂತ ಕೆಳಗಣ ಧ್ವನಿ ಎತ್ತಣಿಂದ ಬರುವುದೆಂದು ಕಿವಿಗೆ ತಿಳಿಯದಾದುದರಿಂದ ಅದನ್ನು ಎಲ್ಲಿ ಬೇಕಾದರೂ ಇಡಬಹುದು. ಆದರೆ ಇಟ್ಟ ಸ್ಥಳಕ್ಕೆ ತಕ್ಕಂತೆ ನಾದವು ವ್ಯತ್ಯಾಸವಾಗುವುದು. ಇದಕ್ಕೆ ಅನುಭವಸ್ಥರ ಕ್ರಮವೊಂದುಂಟು. ಸಬ್‌ವೂಫರನ್ನು ಕೂರುವ ಆಸನದ ಮೇಲೆಯೇ ಇರಿಸಿ, ಮಂದ್ರಸ್ವರಗಳುಳ್ಳ ಹಾಡೊಂದನ್ನು ಹಾಕಿ, ಗೋಡೆಯ ಬದಿಯಲ್ಲಿ ಮೊಣಕಾಲೂರಿ ಸುತ್ತಬೇಕು. ಎಲ್ಲಿ ಪ್ರತಿಯೊಂದು ಸ್ವರವೂ ಸಮನಾಗಿ, ಗುಂಯ್ಗುಡದೆ ಕೇಳುವುದೋ ಅಲ್ಲಿಗೆ ಅದನ್ನು ಸ್ಥಳಾಂತರಿಸತಕ್ಕದ್ದು.

ಹೊಂದಿಸುವ ಕ್ರಮ

ಸ್ಪೀಕರುಗಳನ್ನು ನಡೆಸುವ ರಿಸೀವರು ಎಂಬ ಯಂತ್ರದಲ್ಲಿ ಪ್ರತಿಯೊಂದು ಸ್ಪೀಕರಿನ ದೂರವನ್ನೂ ಬಲವನ್ನೂ ನಮೂದಿಸುವ ಸೌಕರ್ಯವಿರುತ್ತದೆ. ಶಬ್ದವು ಒಂದು ಅಡಿಯನ್ನು ದಾಟಲು ಸೆಕೆಂಡಿನ ಸಾವಿರದ ಒಂದಂಶಕ್ಕೆ ತುಸು ಕಡಿಮೆ ಹಿಡಿಯುವುದು. ಹತ್ತಿರದ ಸ್ಪೀಕರನ್ನು ಅಷ್ಟು ತಡೆಹಿಡಿದು, ಎಲ್ಲವೂ ಏಕಕಾಲದಲ್ಲಿ ಕಿವಿಯನ್ನು ಸೇರುವಂತೆ ಮಾಡುವುದೇ ಈ ಅಳತೆಯ ಉದ್ದೇಶ. ಹಲವು ರಿಸೀವರುಗಳೊಡನೆ ಚಿಕ್ಕ ಮೈಕೊಂದನ್ನು ಕೊಡುತ್ತಾರೆ; ಅದನ್ನು ತಲೆ ಬರುವ ಸ್ಥಳದಲ್ಲಿಟ್ಟರೆ ಯಂತ್ರವು ತಾನೇ ಅಳೆದುಕೊಳ್ಳುವುದು. ಆ ಹೊತ್ತಿಗೆ ಫ್ಯಾನು ನಿಂತಿರಬೇಕು, ಮಳೆ ಇರಬಾರದು. ಆದ ಮೇಲೆಯೂ ಮಾತು ಮಂದವೆನಿಸಿದರೆ ನಡುವಣ ಸ್ಪೀಕರೊಂದನ್ನೇ ಎರಡು ಮೂರು ಡೆಸಿಬಲ್ ಏರಿಸಬಹುದು. ರಾತ್ರಿಯ ಹೊತ್ತಿಗೆಂದು ದೊಡ್ಡ ಸದ್ದನ್ನು ತಗ್ಗಿಸಿ ಚಿಕ್ಕ ಸದ್ದನ್ನು ಎತ್ತುವ 'ನೈಟ್ ಮೋಡ್' ಎಂಬ ಗುಂಡಿಯೂ ಉಂಟು. ಮಕ್ಕಳು ಮಲಗಿರುವ ಮನೆಯಲ್ಲಿ ಇದು ಬಹಳ ಉಪಕಾರಿ.

ಇನ್ನೊಂದು ಸಂಗತಿಯನ್ನು ಪರೀಕ್ಷಿಸತಕ್ಕದ್ದು. ಟಿ.ವಿ.ಯ ಧ್ವನಿ ಏರ್ಪಾಡಿನಲ್ಲಿ ಎರಡೇ ವಾಹಿನಿಗಳನ್ನು ಹೊರಗೆ ಕಳುಹಿಸುವಂತೆ ಇದ್ದರೆ, ಐದು ಸ್ಪೀಕರಿದ್ದರೂ ರಿಸೀವರಿಗೆ ತಲಪುವುದು ಎರಡೇ. ಮಾತಿನ ಪ್ರತ್ಯೇಕ ವಾಹಿನಿಯು ಅಲ್ಲಿಯೇ ಕಳೆದುಹೋಗುವುದು. ಅಂಗಡಿಯವರು ಯಂತ್ರಗಳನ್ನು ಜೋಡಿಸಿ ಹೊರಡುವ ಮುನ್ನ ಇದನ್ನು ತೋರಿಸಿಕೊಡುವಂತೆ ಕೇಳಬೇಕು.

ಹಣದ ವಿನಿಯೋಗ

ಪೆಟ್ಟಿಗೆಯ ಮೇಲೆ ಬರೆದ ವಾಟ್ ಸಂಖ್ಯೆಗೆ ಮರುಳಾಗಬಾರದು. ವಾಟ್ ಇಮ್ಮಡಿಯಾದರೆ ಹೆಚ್ಚುವುದು ೩ ಡೆಸಿಬಲ್ ಮಾತ್ರ. ಕಿವಿಗೆ ಅದು ಅಲ್ಪ ವ್ಯತ್ಯಾಸ. ಅಗ್ಗದ ಆರು ಸ್ಪೀಕರುಗಳನ್ನು ಒಮ್ಮೆಗೆ ತರುವುದಕ್ಕಿಂತ, ಈ ವರ್ಷ ಒಳ್ಳೆಯ ರಿಸೀವರೊಂದನ್ನೂ ಒಂದೇ ಜಾತಿಯ ಮೂರು ಎದುರು ಸ್ಪೀಕರುಗಳನ್ನೂ ತಂದು, ಮುಂದಿನ ಫಸಲಿಗೆ ಸಬ್‌ವೂಫರನ್ನೂ ಅದರ ಮುಂದಿನದಕ್ಕೆ ಪಾರ್ಶ್ವದ ಎರಡನ್ನೂ ಸೇರಿಸುವುದು ವಿವೇಕ. ಮೂರರಿಂದಲೇ ಮಾತು ಸಂಪೂರ್ಣವಾಗಿ ಕೇಳುವುದು. ತಂತಿಯನ್ನು ಮಾತ್ರ ಗೋಡೆಗೆ ಗಾರೆ ಬಳಿಯುವ ಮುಂಚೆಯೇ, ವಿದ್ಯುತ್ತಿನ ತಂತಿಗಳಿಂದ ಬೇರೆಯಾದ ಕೊಳವೆಯಲ್ಲಿ, ಐದು ಸ್ಥಾನಗಳಿಗೂ ಎಳೆಸಿಡಬೇಕು. ಚಿಕ್ಕ ಕೋಣೆಗೆ ೧.೫ ಚದರ ಮಿಲಿಮೀಟರಿನ ತಾಮ್ರದ ತಂತಿ ಸಾಕು. ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಎಂಬುದನ್ನು ಎಲ್ಲ ಸ್ಪೀಕರುಗಳಲ್ಲಿಯೂ ಪಾಲಿಸಬೇಕು; ಒಂದು ತಿರುವುಮುರುವಾದರೂ ಧ್ವನಿಯು ನಡುವೆ ಟೊಳ್ಳಾಗುವುದು.

ಸಿಡಿಲು, ತೇವ, ಒರಲೆ

ನಮ್ಮ ಸೀಮೆಯಲ್ಲಿ ಈ ಯಂತ್ರಗಳಿಗೆ ದೊಡ್ಡ ಶತ್ರು ಸಿಡಿಲು. ಮಳೆಗಾಲಕ್ಕೆ ಮುಂಚಿನ ಎಪ್ರಿಲ್, ಮೇ ತಿಂಗಳುಗಳಲ್ಲಿಯೂ, ಅದು ಮುಗಿಯುವ ಅಕ್ಟೋಬರ್, ನವೆಂಬರಿನಲ್ಲಿಯೂ ಸಂಜೆಯ ವೇಳೆ ಇದರ ಹಾವಳಿ. ಗೋಡೆಯ ಸ್ವಿಚ್ಚನ್ನು ಆರಿಸಿದರೆ ಸಾಲದು. ಪ್ಲಗ್ಗನ್ನು ಕಿತ್ತು, ಡಿಶ್ಶಿನ ಅಥವಾ ಕೇಬಲ್ಲಿನ ತಂತಿಯನ್ನೂ ಯಂತ್ರದಿಂದ ಬಿಡಿಸಬೇಕು. ಅನೇಕ ಸಾರಿ ಸಿಡಿಲು ಒಳಗೆ ಬರುವುದು ಈ ಎರಡನೆಯ ದಾರಿಯಿಂದಲೇ. ಗುಡುಗು ತಲೆಯ ಮೇಲೆ ಬಂದ ಬಳಿಕ ತಂತಿಯನ್ನು ಮುಟ್ಟಬಾರದು. ದೂರದಲ್ಲಿ ಗುಡುಗು ಕೇಳಿದೊಡನೆ ಈ ಕೆಲಸ ಮುಗಿದಿರಬೇಕು. ಭೂಸಂಪರ್ಕ, ಅಂದರೆ ಅರ್ಥಿಂಗ್, ಸರಿಯಾಗಿರುವುದೆಂದು ವರ್ಷಕ್ಕೊಮ್ಮೆ ಎಲೆಕ್ಟ್ರೀಷಿಯನನಿಂದ ನೋಡಿಸತಕ್ಕದ್ದು. ತೋಟದ ಪಂಪುಗಳು ನಡೆಯುವ ಹೊತ್ತಿನಲ್ಲಿ ವೋಲ್ಟೇಜು ಏರಿಳಿಯುವ ಮನೆಗಳಿಗೆ ಸ್ಟೆಬಿಲೈಸರು ಅಗತ್ಯ.

ಮಳೆ ಬಡಿಯುವ ಹೊರಗೋಡೆಗೆ ಸ್ಪೀಕರನ್ನಾಗಲಿ ಹೀರುವ ಹಲಗೆಯನ್ನಾಗಲಿ ಒತ್ತಿ ಇಡಬಾರದು. ಎರಡು ಇಂಚು ಎಡೆಬಿಟ್ಟರೆ ಗಾಳಿಯಾಡಿ ಬೂಸಲು ಹಿಡಿಯುವುದಿಲ್ಲ. ಆ ಎಡೆಯಿಂದ ಹಲಗೆಯ ಹೀರುವಿಕೆಯೂ ಉತ್ತಮವಾಗುವುದು. ಒತ್ತಿದ ಮರದ ಪೆಟ್ಟಿಗೆಗಳು ನೆಲದ ತೇವಕ್ಕೆ ಉಬ್ಬುವುದರಿಂದಲೂ ಒರಲೆಯ ಭಯದಿಂದಲೂ ಅವನ್ನು ಕಲ್ಲಿನ ಅಥವಾ ಲೋಹದ ಪೀಠದ ಮೇಲೆ ಇರಿಸುವುದು ಯೋಗ್ಯ. ಮಳೆಗಾಲದಲ್ಲಿ ವಾರಕ್ಕೆ ಎರಡು ಮೂರು ಸಲವಾದರೂ ಯಂತ್ರವನ್ನು ನಡೆಸಿದರೆ ಒಳಗಣ ಬಿಸಿಯಿಂದ ತೇವ ಆರುವುದು. ಇರುವೆ, ಹಲ್ಲಿಗಳು ಬೆಚ್ಚಗಿನ ಸ್ಥಳವನ್ನು ಹುಡುಕಿ ಒಳಸೇರುವುದರಿಂದ ತಿಂಗಳಿಗೊಮ್ಮೆ ಹಿಂಬದಿಯನ್ನು ಗುಡಿಸಿ ನೋಡುತ್ತಿರಬೇಕು.

ನೆರೆಹೊರೆ ಮತ್ತು ಮಕ್ಕಳ ಕಿವಿ

ಪರದೆಯೂ ಮೆತ್ತೆಯೂ ಒಳಗಿನ ಮಾರ್ದನಿಯನ್ನು ಕುಗ್ಗಿಸುತ್ತವೆಯೇ ಹೊರತು ಶಬ್ದ ಹೊರಗೆ ಹೋಗುವುದನ್ನು ತಡೆಯಲಾರವು. ಅದನ್ನು ತಡೆಯುವುದು ಭಾರ. ನಮ್ಮ ಕೆಂಪುಕಲ್ಲಿನ ದಪ್ಪ ಗೋಡೆ ಈ ವಿಷಯದಲ್ಲಿ ಉತ್ತಮವಾದುದು. ಶಬ್ದ ಸೋರುವುದು ಬಾಗಿಲಿನ ಅಡಿಯ ಸಂದಿನಿಂದ ಮತ್ತು ಕಿಟಕಿಯಿಂದ. ಗಟ್ಟಿಮರದ ಬಾಗಿಲು, ಅದರ ಅಂಚಿಗೆ ರಬ್ಬರಿನ ಪಟ್ಟಿ, ಇವಿಷ್ಟರಿಂದ ಬಹಳ ಅನುಕೂಲವಾಗುವುದು. ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು ೫೫, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ೪೫ ಡೆಸಿಬಲ್ ಮಿತಿಯುಂಟು. ಪುತ್ತೂರು ಪೇಟೆಯಲ್ಲಿ ಒತ್ತಾಗಿರುವ ಮನೆಯವರು ಇದನ್ನು ನೆನಪಿನಲ್ಲಿಡಬೇಕು. ತೋಟದ ನಡುವಿನ ಒಂಟಿ ಮನೆಯವರಿಗೆ ನೆರೆಯ ಅಂಜಿಕೆಯಿಲ್ಲದಿದ್ದರೂ ಸ್ವಂತ ಕಿವಿಯ ಅಂಜಿಕೆ ಇರತಕ್ಕದ್ದು. ೮೦ ಡೆಸಿಬಲ್ಲಿನ ಸದ್ದನ್ನು ವಾರಕ್ಕೆ ೪೦ ಗಂಟೆಗಿಂತ ಹೆಚ್ಚು ಕೇಳುವುದು ಪ್ರಾಯದವರಿಗೂ ಹಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯವರು ತಿಳಿಸಿದ್ದಾರೆ. ಮಕ್ಕಳ ಮಿತಿ ಅದಕ್ಕಿಂತಲೂ ಕಡಿಮೆ.

ಕೊನೆಗೆ, ಎಲ್ಲ ಏರ್ಪಾಡು ಮುಗಿದ ದಿನ ಪರೀಕ್ಷೆಗೆಂದು ಹೊಡೆದಾಟದ ಚಿತ್ರವನ್ನು ಆರಿಸಬೇಡಿರಿ. ಮಾತೇ ಪ್ರಧಾನವಾದ ಹಳೆಯ ಕನ್ನಡ ಚಿತ್ರವನ್ನೋ ತಾಳಮದ್ದಳೆಯ ಧ್ವನಿಮುದ್ರಣವನ್ನೋ ಹಾಕಿರಿ. ಫ್ಯಾನನ್ನು ನಡೆಸಿರಿ, ಏಕೆಂದರೆ ದಿನವೂ ಅದು ನಡೆಯುವುದೇ. ಸಾಮಾನ್ಯವಾಗಿ ಇಬ್ಬರು ಸಂಭಾಷಿಸುವಷ್ಟೇ ಸದ್ದನ್ನು ಇರಿಸಿ, ಮನೆಯಲ್ಲಿ ಕಿವಿ ಮಂದವಾಗಿರುವವರನ್ನು ನಡುವಣ ಆಸನದಲ್ಲಿ ಕುಳ್ಳಿರಿಸಿ, ಹತ್ತು ನಿಮಿಷಗಳಾದ ಮೇಲೆ ಕಥೆಯೇನೆಂದು ಕೇಳಿರಿ. ಅವರು ತಡವರಿಸದೆ ಹೇಳಿದರೆ ನಿಮ್ಮ ಹಣವು ಸಾರ್ಥಕವಾಯಿತೆಂದು ತಿಳಿಯಿರಿ. ತಡವರಿಸಿದರೆ ಪುನಃ ಅಂಗಡಿಗೆ ಹೋಗುವ ಮುನ್ನ ಗೋಡೆಗೆ ಇನ್ನೆರಡು ಹಲಗೆಗಳನ್ನು ತೂಗಿಸಿ ನೋಡಿರಿ.